ಅವಳ ಮುಂದೆ ಮಾತಾಡಬೇಡಿ

ಚಳ್ಳಕೆರೆಯ ಶೇಂಗಾ ಮಂಡಿಗಳ ಬೀದಿಗೆ ಹೋಗಿ ಮಹಾಂತೇಶಪ್ಪನ ಮನೆ ಯಾವುದು ಎಂದು ಕೇಳಿದರೆ ಯಾರಾದರೂ ತೋರಿಸುತ್ತಾರೆ. ಕೇಳಿದವರು ಬೇಕಾದವರಾಗಿದ್ದರೆ ದನಿ ತಗ್ಗಿಸಿ, “ಅವರ ಮನೇಲಿ ಅಮ್ಮಾರು ಬರೀತಾರೆ, ನೋಡ್ಕಂಡು ಮಾತಾಡ್ರಿ” ಎಂದೂ ಸೇರಿಸುತ್ತಾರೆ. ಆ ಅಮ್ಮ, ಶಿವಬಸಮ್ಮ, ಅಚ್ಚಿನಲ್ಲಿ ತಂದದ್ದು ಒಂದೇ ಒಂದು ಕಥೆ. ಅದೂ ಹನ್ನೊಂದು ಪುಟದ್ದು.

ಅವಳು ಪರಶುರಾಂಪುರದ ಶಾಲೆ ಮೇಷ್ಟರೊಬ್ಬರ ಮಗಳು. ಚಿತ್ರದುರ್ಗದ ಹಾಸ್ಟೆಲಿನಲ್ಲಿದ್ದು ಬಿ.ಎ. ಮುಗಿಸಿದವಳು. ಎಪ್ಪತ್ತೇಳರಲ್ಲಿ ಮದುವೆಯಾಗಿ ಈ ಮನೆಗೆ ಬರುವಾಗ ಟ್ರಂಕಿನಲ್ಲಿ, ಸೀರೆಗಳ ಕೆಳಗೆ, ಪದ್ಯ ಬರೆದ ಎರಡು ನೋಟ್‌ಬುಕ್ ಇಟ್ಟುಕೊಂಡು ಬಂದಿದ್ದಳು. ಮಾವ ಅಜ್ಜಪ್ಪನವರಿಗೆ ಓದಿದ ಸೊಸೆ ಬಂದಳೆಂದು ಹೆಮ್ಮೆಯೇ ಇತ್ತು. ಬಂದವರೆದುರು ಅವಳ ಕೈಲಿ ಪೇಪರು ಓದಿಸಿ ತಲೆದೂಗುತ್ತಿದ್ದರು. ಆದರೆ ಪದ್ಯಕ್ಕೆ ಬೇಕಾದ ಹೊತ್ತು ಆ ಮನೆಯಲ್ಲಿ ಯಾವ ಹೊತ್ತೂ ಆಗಿರಲಿಲ್ಲ. ದೀಪಿಕಾ ಹುಟ್ಟಿದಳು, ಬೆಳೆದಳು, ತೊಂಬತ್ತೆಂಟರಲ್ಲಿ ದಾವಣಗೆರೆಯವರ ಮನೆಗೆ ಸೊಸೆಯಾಗಿ ಹೋದಳು. ಅತ್ತೆ ಮಾವ ಅದಕ್ಕೆ ಎಷ್ಟೋ ಮುಂಚೆ ತೀರಿಕೊಂಡಿದ್ದರು. ಗಂಡ ಬೆಳಿಗ್ಗೆ ಮಂಡಿಗೆ ಹೋದರೆ ಮಧ್ಯಾಹ್ನ ಊಟಕ್ಕೊಮ್ಮೆ ಬಂದುಹೋಗುವುದು, ಆಮೇಲೆ ದೀಪ ಹಚ್ಚುವ ಹೊತ್ತಿಗೇ ಬರುವುದು. ಮನೆಯಲ್ಲಿ ಉಳಿದವರು ಇಬ್ಬರೇ: ಶಿವಬಸಮ್ಮ, ಮತ್ತೆ ಗಂಡನ ಅಕ್ಕ ತಿಪ್ಪಮ್ಮ.

ತಿಪ್ಪಮ್ಮನನ್ನು ಹದಿನೆಂಟಕ್ಕೆ ದೇವಸಮುದ್ರದ ಬಟ್ಟೆ ಅಂಗಡಿಯವರ ಮನೆಗೆ ಕೊಟ್ಟಿದ್ದರು. ಎಂಟೇ ತಿಂಗಳಿಗೆ ಒಂದು ದಿನ ಒಬ್ಬಳೇ ಬಸ್ಸಿನಲ್ಲಿ ತವರಿಗೆ ಬಂದಿಳಿದಳು. ಹಣೆ ಒಡೆದು ಊದಿಕೊಂಡಿತ್ತು. ಅಜ್ಜಪ್ಪನವರು ಆ ಗಾಯ ನೋಡಿದರು. ಅದಕ್ಕಿಂತ ಹೆಚ್ಚಿಗೆ ಏನೂ ಕೇಳಲಿಲ್ಲ. ತಮ್ಮಂದಿರನ್ನೂ ಹದಿನೇಳು ವರ್ಷದ ಮಗ ಮಹಾಂತೇಶನನ್ನೂ ಕಟ್ಟಿಕೊಂಡು ದೇವಸಮುದ್ರಕ್ಕೆ ಹೋದರು. ಸಂತೆಯ ದಿನ. ಅಳಿಯ ಮುರುಗೇಶನನ್ನು ಅಂಗಡಿಯಿಂದ ಎಳೆದು ಸಂತೆಯ ಜನರ ಮುಂದೆಯೇ ಹೊಡೆದು ಬಂದರು. ಮೊದಲ ಏಟು ಹಾಕಿದವನು ಮಹಾಂತೇಶ. ಮದುವೆಯಾದ ಹೊಸತರಲ್ಲಿ ಆ ಸುದ್ದಿಯನ್ನು ಅವನು ಹೆಂಡತಿಗೆ ಎದೆಯುಬ್ಬಿಸಿಕೊಂಡೇ ಹೇಳಿದ್ದ. ಆವತ್ತಿನಿಂದ ಎರಡು ಮನೆಗೂ ಕೊಡುಕೊಳ್ಳುವುದಿರಲಿ, ಸಾವಿಗೂ ಹೋಗುವುದಿಲ್ಲ ಎಂಬಂತಾಯಿತು. ತಿಪ್ಪಮ್ಮ ತವರಿನ ಒಲೆಯ ಮುಂದೆ ಕೂತವಳು ಕೂತೇಬಿಟ್ಟಳು.

ಅವಳಿಲ್ಲದಿದ್ದರೆ ಶಿವಬಸಮ್ಮನಿಗೆ ಆ ಮನೆಯಲ್ಲಿ ಮಾತಿಗೆ ದಿಕ್ಕಿರುತ್ತಿರಲಿಲ್ಲ. ಊಟದ ಪಾತ್ರೆ ತೊಳೆದು, ಪಡಸಾಲೆಯಲ್ಲಿ ಮೊರ ಮುಂದಿಟ್ಟುಕೊಂಡು ಕೂತರೆ ಮಧ್ಯಾಹ್ನವೆಲ್ಲ ತಿಪ್ಪಮ್ಮನ ಮಾತು. ಯಾರ ಮನೆ ಹುಡುಗಿ ಯಾರ ಜೊತೆ ಮಾತು ಬಿಟ್ಟಿದ್ದಾಳೆ, ಯಾವ ಚಿಕ್ಕಪ್ಪ ಯಾವ ವರ್ಷ ಬಾವಿಗೆ ಬಿದ್ದು ಎದ್ದು ಬಂದ, ಅಜ್ಜಪ್ಪನವರು ಸಿಟ್ಟಿನಲ್ಲಿ ಊಟ ಬಿಟ್ಟು ಆಮೇಲೆ ಹಿತ್ತಲಲ್ಲಿ ನಿಂತು ಕದ್ದು ರೊಟ್ಟಿ ತಿಂದದ್ದು. ಹೇಳಿ ಹೇಳಿ ತಾನೇ ನಗುತ್ತಿದ್ದಳು. ಇಪ್ಪತ್ತೆರಡು ವರ್ಷ ಹೀಗೆ ನಡೆದಿತ್ತು. ದೇವಸಮುದ್ರದ ಆ ಎಂಟು ತಿಂಗಳ ವಿಷಯ ಮಾತ್ರ ಅವಳೂ ಎತ್ತಿರಲಿಲ್ಲ, ಇವಳೂ ಕೇಳಿರಲಿಲ್ಲ.

ತೊಂಬತ್ತೊಂಬತ್ತರ ಮಳೆಗಾಲದಲ್ಲಿ ಪಾವಗಡ ರಸ್ತೆಯ ಗೊಬ್ಬರದ ಅಂಗಡಿಯ ಮಹಡಿಯ ಮೇಲೆ ಒಂದು ಸ್ನಾತಕೋತ್ತರ ಕೇಂದ್ರ ಶುರುವಾಯಿತು. ಅಲ್ಲಿ ‘ಸೃಜನಶೀಲ ಬರವಣಿಗೆ’ ಎಂಬ ಎರಡು ವರ್ಷದ ಕೋರ್ಸು. ಡಿಗ್ರಿ ಆದವರು ಯಾವ ವಯಸ್ಸಿನವರಾದರೂ ಸೇರಬಹುದು. ಶನಿವಾರ, ಭಾನುವಾರ ಮಾತ್ರ ತರಗತಿ. ಪೇಪರಿನಲ್ಲಿ ಅದನ್ನು ನೋಡಿದ ಶಿವಬಸಮ್ಮ ಮೂರು ದಿನ ಸುಮ್ಮನಿದ್ದು, ನಾಲ್ಕನೇ ದಿನ ಊಟ ಬಡಿಸುತ್ತ ಗಂಡನಿಗೆ ಹೇಳಿದಳು. ಮಹಾಂತೇಶಪ್ಪ ತಲೆ ಎತ್ತದೆ, “ಸೇರ್ಕೋ. ಮನೇಲಿ ಕೂತು ಬೇಜಾರಾಗೈತೆ ನಿಂಗೆ” ಅಂದ. ಅಷ್ಟು ಸುಲಭವಾಗಿ ಒಪ್ಪಿಗೆ ಸಿಗುತ್ತದೆಂದು ಅವಳು ಎಣಿಸಿರಲಿಲ್ಲ. ತಿಪ್ಪಮ್ಮನೇ ಅವಳ ಕೈಗೆ ಡಬ್ಬಿ ಕಟ್ಟಿಕೊಟ್ಟು, “ನಲವತ್ಮೂರು ವರ್ಷದ ಸ್ಕೂಲು ಹುಡುಗಿ” ಎಂದು ನಕ್ಕು ಕಳಿಸಿದಳು.

ತರಗತಿಯಲ್ಲಿದ್ದವರು ಒಂಬತ್ತು ಜನ. ಬಹಳಷ್ಟು ಮಂದಿ ಇವಳ ಮಗಳ ವಯಸ್ಸಿನವರು. ವರವು ಕಾವಲೆಂಬ ಹುಲ್ಲುಗಾವಲಿನ ಪಕ್ಕದ ಹಳ್ಳಿಯಿಂದ ಬರುತ್ತಿದ್ದ ದೊಡ್ಡಪಾಲಯ್ಯ ಎಂಬ ಪ್ರಾಥಮಿಕ ಶಾಲೆಯ ಮೇಷ್ಟರೊಬ್ಬರೇ ಸ್ವಲ್ಪ ಹತ್ತಿರದ ವಯಸ್ಸಿನವರು. ಅವರದು ಮಾತು ಕಡಿಮೆ. ಪಾಠ ಮಾಡುತ್ತಿದ್ದ ಉಗ್ರಪ್ಪ ಮೇಷ್ಟರು ಆಂಧ್ರದ ಗಡಿಗೆ ಹತ್ತಿರದ ರಾಂಪುರದ ಕಡೆಯವರು, ಸಿಟ್ಟು ಬಂದರೆ ನಡುವೆ ತೆಲುಗು ನುಸುಳುತ್ತಿತ್ತು. ಅಲ್ಲಿಯ ಪದ್ಧತಿ ಸರಳ: ಒಬ್ಬರು ತಾವು ಬರೆದದ್ದನ್ನು ಓದಬೇಕು, ಉಳಿದವರು ಅದರ ಬಗ್ಗೆ ಹೇಳುವುದನ್ನು ಬಾಯಿ ಬಿಡದೆ ಕೇಳಬೇಕು.

ಮೊದಲ ವರ್ಷ ಶಿವಬಸಮ್ಮ ಪದ್ಯ ಓದಿದಳು. ಮೇಷ್ಟರು ಒಂದು ದಿನ ಹಾಳೆಯನ್ನು ಮೇಜಿನ ಮೇಲೆ ಬೋರಲು ಹಾಕಿ ಕೇಳಿದರು:

“ಶಿವಬಸಮ್ಮಾರೆ, ಇದರಾಗೆ ಚಂದ್ರ ಅವನೆ, ಮಲ್ಲಿಗೆ ಐತೆ, ಕೋಗಿಲೆ ಐತೆ. ಮನುಷ್ಯರು ಎಲ್ಲಿ ಹೋದ್ರಮ್ಮಾ? ನಿಮ್ಮ ಮನೇಲಿ ಯಾರೂ ಇಲ್ವಾ?”

“ಇದಾರೆ ಸಾರ್.”

“ಮತ್ತೆ ಅವರನ್ನ ಕರ್ಕಂಡ್ ಬರ್ರಿ.”

ಹುಡುಗಿಯರು ಕಿಸಕ್ಕನೆ ನಕ್ಕರು. ಅವಳು ಆ ಪದ್ಯವನ್ನು ಮಡಿಸಿ ಚೀಲದಲ್ಲಿಟ್ಟುಕೊಂಡಳು. ಅವಮಾನವಾಗಿತ್ತು, ಆದರೆ ಮನೆಯವರೆಗೆ ನಡೆದು ಬರುವಷ್ಟರಲ್ಲಿ ಮೇಷ್ಟರು ಹೇಳಿದ್ದು ಸರಿಯೆಂದೂ ಅನ್ನಿಸಿತ್ತು.

ಎರಡನೇ ವರ್ಷದ ಆಗಸ್ಟಿನಲ್ಲಿ ಮೇಷ್ಟರು ಎಲ್ಲರಿಗೂ ಒಂದು ಕೆಲಸ ಕೊಟ್ಟರು. “ಪ್ರತಿ ಮನೇಲೂ ಯಾರೂ ಯಾರನ್ನೂ ಕೇಳದೆ ಬಿಟ್ಟಿರೋ ಪ್ರಶ್ನೆ ಒಂದಿರ್ತದೆ. ಅದನ್ನ ಹುಡುಕ್ಕಂಡು ಬರ್ರಿ. ಉತ್ತರ ಸಿಕ್ಕಿದ್ರೆ ಕಥೆ ಮಾಡ್ರಿ. ಸಿಗದಿದ್ರೂ ಮಾಡ್ರಿ.” ಶಿವಬಸಮ್ಮನಿಗೆ ಹುಡುಕುವ ಕಷ್ಟವೇ ಇರಲಿಲ್ಲ. ಬುಧವಾರ ಮಧ್ಯಾಹ್ನ ತೊಗರಿಬೇಳೆ ಆರಿಸುತ್ತ ಕೂತಿದ್ದಾಗ ಕೇಳಿಬಿಟ್ಟಳು.

“ಅಕ್ಕಾ, ಆವತ್ತು ದೇವಸಮುದ್ರದಿಂದ ಯಾಕೆ ಬಂದ್ರಿ?”

ತಿಪ್ಪಮ್ಮನ ಕೈ ನಿಂತಿತು.

“ಇಷ್ಟು ವರ್ಷಕ್ಕೆ ಒಬ್ಬಳು ಕೇಳಿದೆ ನೋಡು ನೀನು,” ಅಂದಳು. “ಅವರು ನನ್ನ ಹೊಡೀಲಿಲ್ಲ ಬಸಮ್ಮ.”

“ಮತ್ತೆ ಹಣೆ?”

“ಬಸ್ಸಿನಾಗೆ. ತಳಕಿನ ಹತ್ರ ಕುರಿ ಅಡ್ಡ ಬಂದ್ವು, ಡ್ರೈವರು ಬ್ರೇಕ್ ಹಾಕ್ದ. ಮುಂದಿನ ಸೀಟಿನ ಸರಳಿಗೆ ಹೋಗಿ ಬಡಕಂಡೆ. ಅವರು ಒಳ್ಳೇ ಮನುಷ್ಯ. ದಿನಾ ಬೆಳಿಗ್ಗೆ ಅಂಗಡಿಗೆ ಹೊರಡೋ ಮುಂಚೆ ‘ಸಂಜೆಗೆ ಏನ್ ಮಾಡ್ತೀಯ’ ಅಂತ ಕೇಳೋರು. ಪ್ರೀತಿಯಿಂದಾನೇ ಕೇಳೋರು. ಆವತ್ತೂ ಕೇಳಿದ್ರು. ನಂಗೆ ಯಾಕೋ ಉಸಿರು ಕಟ್ಟಿದಂಗಾತು. ಸಾಯೋ ತನಕ ಇವರು ಹಿಂಗೇ ಕೇಳ್ತಾರೆ, ನಾನು ಹಿಂಗೇ ಹೇಳ್ತೀನಿ ಅನಿಸ್ತು. ಕೊಡ ಬಾವಿ ಕಟ್ಟೆ ಮೇಲಿಟ್ಟೆ. ಬಸ್ ಬಂತು, ಹತ್ತಿದೆ.”

“ಅಪ್ಪಾರಿಗೆ ಯಾಕೆ ಹೇಳ್ಲಿಲ್ಲ?”

“ಅಪ್ಪ ಗಾಯ ನೋಡಿ ‘ಹೊಡೆದ್ನಾ’ ಅಂದ್ರು. ಇಲ್ಲ ಅನ್ನಾಕೆ ಬಾಯಿ ತೆಗೆದೆ. ಇಲ್ಲ ಅಂದ್ರೆ ನಾಳೆ ಬೆಳಿಗ್ಗೆ ಅದೇ ಬಸ್ ಹತ್ತಿಸಿ ಕಳಿಸ್ತಾರೆ ಅನ್ನೋದು ಗೊತ್ತಿತ್ತು. ಸುಮ್ನಾದೆ.” ಬೇಳೆಗೆ ಮತ್ತೆ ಕೈ ಹಾಕಿ ಹೇಳಿದಳು: “ಅವರು ಅಲ್ಲಿಗೋಗಿ ಆ ಮನುಷ್ಯನ್ನ ಬಡೀತಾರೆ ಅಂತ ನಾನು ಅಂದ್ಕಂಡಿರ್ಲಿಲ್ಲ.”

ಯಾರಿಗೂ ಹೇಳಬೇಡ ಎಂದು ತಿಪ್ಪಮ್ಮ ಹೇಳಲಿಲ್ಲ. ಹೇಳಬೇಕಾದೀತೆಂದು ಅವಳಿಗೆ ಹೊಳೆದಿರಲೂ ಇಲ್ಲ.

ಶಿವಬಸಮ್ಮ ನಾಲ್ಕು ದಿನದಲ್ಲಿ ಕಥೆ ಬರೆದಳು. ಬರೆಯುವಾಗ ಸಂತೋಷವಾಗುತ್ತಿತ್ತು. ಇಂಥ ಮಾತುಗಳು ತನ್ನ ಪೆನ್ನಿನಿಂದ ಎಂದೂ ಬಂದಿರಲಿಲ್ಲ. ಊರಿಗೆ ಬೇರೆ ಹೆಸರಿಟ್ಟಳು, ತಿಪ್ಪಮ್ಮನನ್ನು ಗೌರಮ್ಮ ಮಾಡಿದಳು. ಬಾವಿ ಕಟ್ಟೆಯ ಮೇಲಿಟ್ಟ ಕೊಡ, ತಳಕಿನ ಕುರಿ, ಬಸ್ಸಿನ ಸರಳು, ಸಂತೆಯ ದಿನದ ಏಟುಗಳು ಹೇಗಿದ್ದವೋ ಹಾಗೇ ಉಳಿದವು. ಅವನ್ನು ಬದಲಿಸಲು ಹೋದರೆ ಕಥೆಯ ಜೀವವೇ ಹೋಗುತ್ತಿತ್ತು.

ತರಗತಿಯಲ್ಲಿ ಓದಿ ಮುಗಿಸಿದಳು. ಉಗ್ರಪ್ಪ ಮೇಷ್ಟರು ಕನ್ನಡಕ ತೆಗೆದು ಒರೆಸಿಕೊಂಡು, “ಇದು ಕಥೆ” ಎಂದರು. ಹಿಂದೆ ನಕ್ಕಿದ್ದ ಹುಡುಗಿಯರೇ ಬಂದು ಅವಳ ಕೈ ಹಿಡಿದುಕೊಂಡರು. ಎಲ್ಲರ ಮಾತು ಮುಗಿದ ಮೇಲೆ ದೊಡ್ಡಪಾಲಯ್ಯ ಮೇಷ್ಟರು ತಮ್ಮ ಜಾಗದಿಂದಲೇ ಒಂದು ಪ್ರಶ್ನೆ ಕೇಳಿದರು.

“ಇದು ನಡೆದಿದ್ದೇನ್ರಮ್ಮಾ?”

“ಹೌದು.”

“ಆ ತಾಯಿ ಒಪ್ಪಿದಾರಾ?”

ಶಿವಬಸಮ್ಮ, ಹೆಸರು ಬದಲಾಯಿಸಿದ್ದೇನೆ ಎಂದಳು. ದೊಡ್ಡಪಾಲಯ್ಯ ತಲೆ ಆಡಿಸಿ ಸುಮ್ಮನಾದರು. ಆ ವರ್ಷದ ಕೊನೆಗೆ ಅವರಿಗೆ ಬೇರೆ ಕಡೆಗೆ ವರ್ಗವಾಯಿತು, ಕೋರ್ಸು ಅರ್ಧಕ್ಕೇ ಬಿಟ್ಟರು. ಹೋಗುವಾಗಲೂ ಆ ಮಾತನ್ನು ಮತ್ತೆ ಎತ್ತಲಿಲ್ಲ.

ಎರಡು ಸಾವಿರದ ಒಂದರ ಜನವರಿಯಲ್ಲಿ ಕೇಂದ್ರದವರು ವಿದ್ಯಾರ್ಥಿಗಳ ಬರಹಗಳನ್ನು ಸೇರಿಸಿ ಪುಸ್ತಕ ತಂದರು. ಬಿಡುಗಡೆಯ ದಿನ ಶಾಮಿಯಾನ, ಹಾರ, ಭಾಷಣ ಎಲ್ಲ ಇತ್ತು. ಮಹಾಂತೇಶಪ್ಪ ಮಂಡಿಯ ಕೆಲಸ ಬಿಟ್ಟು ಬಂದು ಮೂರನೇ ಸಾಲಿನಲ್ಲಿ ಕೂತಿದ್ದ. ಹೆಂಡತಿಯ ಹೆಸರು ಕೂಗಿದಾಗ ಚಪ್ಪಾಳೆ ತಟ್ಟಿದ. ಪುಸ್ತಕ ಮನೆಗೆ ಬಂತು, ಅವನು ತೆರೆದು ನೋಡಲಿಲ್ಲ. ತಿಪ್ಪಮ್ಮ ರಟ್ಟನ್ನು ಸವರಿ ದೇವರ ಮಾಡದಲ್ಲಿಟ್ಟು ಕೈಮುಗಿದಳು. ಆವಾಗಲಾದರೂ ಹೇಳಬಹುದಿತ್ತು ಎಂದು ಶಿವಬಸಮ್ಮ ಆಮೇಲೆ ಎಷ್ಟೋ ಸಲ ಅಂದುಕೊಂಡಿದ್ದಾಳೆ. ಹೇಳಲಿಲ್ಲ. ಮುಂದಿನ ತಿಂಗಳು ಉಗ್ರಪ್ಪ ಮೇಷ್ಟರು, ಜಿಲ್ಲೆಯ ಪತ್ರಿಕೆಯೊಂದರ ಭಾನುವಾರದ ಪುರವಣಿಗೆ ಆ ಕಥೆ ಕೊಡಲೇ ಎಂದು ಕೇಳಿದರು. ಕೊಡಿ ಸಾರ್ ಎಂದಳು.

ದೇವಸಮುದ್ರದಲ್ಲಿ ಆ ಸಂತೆಯನ್ನು ಕಣ್ಣಾರೆ ಕಂಡವರು ಇನ್ನೂ ಬದುಕಿದ್ದರು. ಸೋಮವಾರದ ಹೊತ್ತಿಗೆ ಪೇಪರು ಕೈಯಿಂದ ಕೈಗೆ ಹೋಗಿತ್ತು. ಮಂಗಳವಾರ ದೇವಸಮುದ್ರದ ಪಕ್ಕದ ರಾಂಪುರದ ಕಡೆಯ ರೈತನೊಬ್ಬ ಚಳ್ಳಕೆರೆಯ ಮಂಡಿಗೆ ಬಂದು, ಮಹಾಂತೇಶಪ್ಪನ ಮುಂದೆ ಪೇಪರು ಹಾಸಿ, “ಇದು ನಿಮ್ಮ ಮನೇರು ಬರ್ದಿದ್ದಲ್ವ ಗೌಡ್ರೆ? ಹಂಗಾದ್ರೆ ಆ ಮುರುಗೇಶಪ್ಪ ಏನೂ ಮಾಡಿರ್ಲಿಲ್ವ?” ಎಂದು ಕೇಳಿದ. ಕೇಳಿದವನಿಗೆ ಕೆಟ್ಟ ಬುದ್ಧಿಯಿರಲಿಲ್ಲ. ಮಹಾಂತೇಶಪ್ಪ ನಿಂತುಕೊಂಡೇ ಪೂರ್ತಿ ಓದಿದ. ಓದಿ, ಊಟದ ಹೊತ್ತಿಗೆ ಇನ್ನೂ ಒಂದು ತಾಸಿದ್ದಾಗಲೇ ಮನೆಗೆ ಬಂದ.

ಅವನು ಕೂಗಾಡಲಿಲ್ಲ. ಪೇಪರನ್ನು ಅಡುಗೆಮನೆಯ ಬಾಗಿಲಲ್ಲಿ ಹಿಡಿದು ನಿಂತು, “ಅಕ್ಕಾ, ಇದು ನಿಜವಾ?” ಅಂದ.

ತಿಪ್ಪಮ್ಮ ನಾಲ್ಕನೇ ಕ್ಲಾಸು ಓದಿದವಳು. ಒಲೆ ಆರಿಸಿ, ಪಡಸಾಲೆಗೆ ಬಂದು, ಪ್ರತಿ ಸಾಲಿನ ಕೆಳಗೂ ಬೆರಳಿಟ್ಟು ಓದತೊಡಗಿದಳು. ಅಕ್ಕತಮ್ಮ ಇಬ್ಬರ ನಡುವೆ ಕಂಬ ಹಿಡಿದುಕೊಂಡು ನಿಂತಿದ್ದ ಶಿವಬಸಮ್ಮನಿಗೆ ಆ ಬೆರಳು ಈಗ ಎಲ್ಲಿದೆ, ಈಗ ಯಾವ ಮಾತಿನ ಕೆಳಗಿದೆ ಎಂಬುದೆಲ್ಲ ಗೊತ್ತಾಗುತ್ತಿತ್ತು. ಅವಳು ಬರೆದದ್ದೇ ತಾನೆ. ಓದಿ ಮುಗಿಯುವಷ್ಟರಲ್ಲಿ ಬಿಸಿಲು ಬಾಗಿಲಿಂದ ಸರಿದಿತ್ತು. ತಿಪ್ಪಮ್ಮ ಪೇಪರನ್ನು ನಾಲ್ಕು ಮಡಿಕೆ ಮಾಡಿದಳು.

“ನಿಜ,” ಅಂದಳು ತಮ್ಮನಿಗೆ. ಶಿವಬಸಮ್ಮನ ಕಡೆ ನೋಡಲಿಲ್ಲ.

“ಅಕ್ಕಾ, ನಾನು...” ಎಂದು ಶಿವಬಸಮ್ಮ ಶುರುಮಾಡಿದಳು. ತಿಪ್ಪಮ್ಮ ಎದ್ದು ಒಳಗೆ ಹೋದಳು.

ಮಾರನೆಯ ದಿನದಿಂದ ಆ ಮನೆಯ ಮಧ್ಯಾಹ್ನಗಳಿಗೆ ಬಾಯಿಲ್ಲದಂತಾಯಿತು. ತಿಪ್ಪಮ್ಮ ಜಗಳವಾಡಲಿಲ್ಲ. ಎಂದಿನಂತೆ ಬಿಸಿ ರೊಟ್ಟಿಯನ್ನು ಮೊದಲು ಶಿವಬಸಮ್ಮನ ತಟ್ಟೆಗೇ ಹಾಕುತ್ತಿದ್ದಳು. ಉಪ್ಪು ಮುಗಿದಿದೆ, ಹಾಲಿನವಳು ಬಂದಿಲ್ಲ ಎಂಬಷ್ಟನ್ನು ಗೋಡೆಗೆ ಹೇಳುವಂತೆ ಹೇಳುತ್ತಿದ್ದಳು. ಮೊರ ಹಿಡಿದು ಹಿತ್ತಲ ಕಟ್ಟೆಗೆ ಹೋಗಿ ಕೂರುತ್ತಿದ್ದಳು. ಮಹಾಂತೇಶಪ್ಪನೂ ಅಷ್ಟೆ. ತನ್ನ ಕೈ ಹೊಡೆದದ್ದು ತಪ್ಪಿಲ್ಲದವನನ್ನು ಎಂದು ತಿಳಿದ ಮೇಲೆ ಅವನಿಗೆ ಯಾರ ಮೇಲೆ ಸಿಟ್ಟು ಮಾಡಬೇಕೋ ತಿಳಿಯಲಿಲ್ಲ. ಅಕ್ಕನ ಮೇಲೆ ಮಾಡುವಂತಿಲ್ಲ, ಅಪ್ಪ ಸತ್ತು ಹೋಗಿದ್ದಾರೆ.

ಊರಿನಲ್ಲಿ ಅದು ಬೇರೆ ಥರ ಹಬ್ಬಿತು. ಸಂಬಂಧಿಕರ ಮನೆಯಲ್ಲಿ ಮಗುವನ್ನು ತೊಟ್ಟಿಲಿಗೆ ಹಾಕುವ ದಿನ ಒಳಕೋಣೆಯಲ್ಲಿ ಹೆಂಗಸರು ಗುಂಪಾಗಿ ಕೂತು ಮಾತಾಡುತ್ತಿದ್ದರು. ಶಿವಬಸಮ್ಮ ಹೊಸ್ತಿಲು ದಾಟಿದಳು. ಒಬ್ಬಾಕೆ ಪಕ್ಕದವಳ ತೊಡೆ ಚಿವುಟಿ, “ಬಂದ್ಳು, ಸುಮ್ನಿರ್ರೆ” ಅಂದಳು. ಮೆಲ್ಲಗೇ ಅಂದಳು, ಆದರೂ ಕೇಳಿಸಿತು. ಒಮ್ಮೆಲೆ ಎಲ್ಲರೂ ಮಗುವಿನ ಕಾಲ್ಗಡಗ ನೋಡತೊಡಗಿದರು. ಆಮೇಲೆ ಅದು ಎಲ್ಲ ಕಡೆಯೂ ಆಯಿತು. ಬಳೆ ಅಂಗಡಿಯಲ್ಲಿ, ಮಠದ ಜಗಲಿಯಲ್ಲಿ, ಹಿಟ್ಟಿನ ಗಿರಣಿಯ ಸಾಲಿನಲ್ಲಿ ಅವಳು ಹೋಗಿ ನಿಂತರೆ ಮಾತು ಕರಗಿಹೋಗುತ್ತಿತ್ತು. ಯಾರೂ ಕೆಟ್ಟದಾಗಿ ನಡೆದುಕೊಳ್ಳಲಿಲ್ಲ, ಬನ್ನಿ ಕೂತ್ಕೊಳ್ಳಿ ಎನ್ನುತ್ತಿದ್ದರು, ಕಾಫಿ ಕೊಡುತ್ತಿದ್ದರು. ಮಾತು ಮಾತ್ರ ಕೊಡುತ್ತಿರಲಿಲ್ಲ. ಒಂದು ದಿನ ದೀಪಿಕಾ ದಾವಣಗೆರೆಯಿಂದ ಫೋನಿನಲ್ಲಿ ಅತ್ತೆಮನೆಯ ಯಾವುದೋ ಕಿರಿಕಿರಿ ಹೇಳಿಕೊಳ್ಳುತ್ತಿದ್ದವಳು ಥಟ್ಟನೆ ನಿಲ್ಲಿಸಿ, “ಅವ್ವಾ, ಇದನ್ನೂ ಬರೀತೀಯಾ?” ಎಂದು ಕೇಳಿದಳು. ತಮಾಷೆಗೆ ಅಂದೆ ಎಂದು ಆಮೇಲೆ ನಕ್ಕಳು. ಆದರೆ ಅರ್ಧಕ್ಕೆ ನಿಲ್ಲಿಸಿದ ಮಾತನ್ನು ಮತ್ತೆ ಮುಂದುವರಿಸಲಿಲ್ಲ.

ಏಪ್ರಿಲ್ ತಿಂಗಳ ಒಂದು ಶನಿವಾರ ತರಗತಿ ಮುಗಿಸಿ ಹೊರಬಂದಾಗ ಮಹಡಿಯ ಮೆಟ್ಟಿಲ ಹತ್ತಿರದ ಬೆಂಚಿನಲ್ಲಿ ಒಬ್ಬ ವಯಸ್ಸಾದವರು ಕೂತಿದ್ದರು. ಬಿಳಿ ಪಂಚೆ, ಇಸ್ತ್ರಿ ಮಾಡಿದ ಅಂಗಿ, ಹಣೆಯಲ್ಲಿ ವಿಭೂತಿ, ತೊಡೆಯ ಮೇಲೆ ಕೈಚೀಲ. ಇವಳನ್ನು ನೋಡಿ ಎದ್ದು ನಿಂತರು.

“ಇದನ್ನ ಬರ್ದೋರು ನೀವೇನಮ್ಮ?” ಕೈಚೀಲದಿಂದ ಅದೇ ಪೇಪರು ತೆಗೆದರು. “ನಾನು ಮುರುಗೇಶಪ್ಪ. ದೇವಸಮುದ್ರದೋನು. ಈಗ ಮೊಳಕಾಲ್ಮೂರಿನಾಗೆ ಅಂಗಡಿ ಐತೆ.”

ಬೈಯಲು ಬಂದಿದ್ದಾರೆ ಎಂದೇ ಶಿವಬಸಮ್ಮ ಅಂದುಕೊಂಡಳು. ಅವರು ಮತ್ತೆ ಬೆಂಚಿನಲ್ಲಿ ಕೂತು, ಇವಳೂ ಕೂರಲೆಂದು ಸ್ವಲ್ಪ ಸರಿದರು.

“ಇದರಾಗೆ ಬರ್ದಿರೋದು ಅವಳೇ ಹೇಳಿದ್ದಾ? ನೀವು ಕಟ್ಟಿದ್ದಾ?”

“ಅವರೇ ಹೇಳಿದ್ದು.”

“‘ಒಳ್ಳೇ ಮನುಷ್ಯ’ ಅನ್ನೋದು?”

“ಅದೂ ಅವರೇ ಹೇಳಿದ್ದು.”

ಮುರುಗೇಶಪ್ಪ ಪೇಪರನ್ನು ಮಡಿಸಿ ಕೈಚೀಲದಲ್ಲಿಟ್ಟುಕೊಂಡರು. ಆಮೇಲೆ ನಿಧಾನವಾಗಿ ಹೇಳಿಕೊಂಡರು. ಆ ಸಂತೆಯಾದ ಮೇಲೆ ಅವರು ಹೊಡೆಯಲಿಲ್ಲ ಎಂದು ನಂಬಿದವರು ಯಾರೂ ಇರಲಿಲ್ಲ. ಹೆತ್ತ ತಾಯಿಯೇ ‘ಯಾವಾಗ ಹೊಡೆದ್ಯೋ’ ಎಂದು ಕೇಳಿದ್ದಳು. ನಾಲ್ಕು ವರ್ಷಕ್ಕೆ ಇನ್ನೊಂದು ಮದುವೆಯಾಯಿತು. ಹೆಣ್ಣು ದೂರದ ಬಡವರ ಮನೆಯವಳು.

“ಗೂಟದ ಮೇಲಿಂದ ಅಂಗಿ ತಗಳಾಕೆ ಕೈ ಎತ್ತಿದ್ರೆ ನನ್ನ ಹೆಂಡ್ತಿ ಮುಖಕ್ಕೆ ಕೈ ಅಡ್ಡ ಹಿಡಿಯೋಳು. ಒಂದಿನಾನೂ ಅವಳ ಮೇಲೆ ಕೈ ಮಾಡ್ದೋನಲ್ಲ ನಾನು. ಇಪ್ಪತ್ತಾರು ವರ್ಷ ಸಂಸಾರ ಮಾಡಿದ್ರೂ ಅವಳಿಗೆ ಆ ಹೆದರಿಕೆ ಹೋಗ್ಲಿಲ್ಲ. ಹೋದ ವರ್ಷದ ಹಿಂದಿನ ವರ್ಷ ತೀರ್ಕಂಡ್ಳು. ಇದು ಎರಡು ವರ್ಷ ಮುಂಚೆ ಬಂದಿದ್ರೆ ಓದಿ ಹೇಳ್ತಿದ್ದೆ.”



“ನೀವು ಪುಣ್ಯದ ಕೆಲಸ ಮಾಡಿದ್ರಿ ತಾಯಿ,” ಎಂದು ಮುರುಗೇಶಪ್ಪ ಎದ್ದರು. “ಒಂದು ಸಲ ಅವಳನ್ನ ನೋಡ್ಬೇಕು. ಬೈಯಾಕಲ್ಲ. ಅವಳ ಬಾಯಿಂದ ಒಂದು ಸಲ ಕೇಳ್ಬೇಕು ಅಷ್ಟೆ. ಹೇಳ್ತೀರಾ?”

ಪುಣ್ಯದ ಕೆಲಸ ಎಂದ ಆ ಮಾತನ್ನು ಹೊತ್ತುಕೊಂಡು ಅವಳು ಮನೆಗೆ ನಡೆದಳು. ಕಥೆ ಪೇಪರಿನಲ್ಲಿ ಬಂದ ಮೇಲೆ ತನ್ನನ್ನು ಮೆಚ್ಚಿದ ಮನುಷ್ಯ ಅವರೊಬ್ಬರೇ, ಅವರ ಮೆಚ್ಚುಗೆಯನ್ನು ಮನೆಯಲ್ಲಿ ಹೇಳಿಕೊಳ್ಳುವ ಹಾಗೂ ಇರಲಿಲ್ಲ. ಹಿತ್ತಲ ಕಟ್ಟೆಯಲ್ಲಿ ಕೂತಿದ್ದ ತಿಪ್ಪಮ್ಮನ ಮುಂದೆ ಹೋಗಿ ನಿಂತು, ಬಂದವರು ಯಾರು, ಏನು ಕೇಳಿದರು ಎಂಬಷ್ಟನ್ನು ಹೇಳಿದಳು. ಗೂಟದ ಅಂಗಿಯ ಮಾತನ್ನೂ ಹೇಳಿದಳು. ತಿಪ್ಪಮ್ಮ ಮೊರವನ್ನು ಪಕ್ಕಕ್ಕಿಟ್ಟಳು.

“ನೀನು ಎಲ್ಲಾ ಬರ್ದಿದೀಯಲ್ಲ. ಇನ್ನೇನು ಕೇಳೋದೈತೆ ಅವರಿಗೆ?” ಎರಡು ತಿಂಗಳಲ್ಲಿ ಅವಳು ನೇರವಾಗಿ ಆಡಿದ ಮೊದಲ ಮಾತು ಅದು.

ಆದರೆ ಮೇ ತಿಂಗಳ ಒಂದು ಬೆಳಿಗ್ಗೆ ತಿಪ್ಪಮ್ಮ ಮಿಂದು, ಪೆಟ್ಟಿಗೆಯಲ್ಲಿದ್ದ ಮೊಳಕಾಲ್ಮೂರು ಸೀರೆ ಉಟ್ಟು, “ಹೋಗಿ ಬರ್ತೀನಿ” ಎಂದಷ್ಟೇ ಹೇಳಿ ಬಸ್ ಸ್ಟ್ಯಾಂಡಿನ ಕಡೆ ಹೊರಟಳು. ಜೊತೆಗೆ ಬರಲೇ ಎಂದು ಕೇಳಿದ್ದಕ್ಕೆ ಬೇಡವೆಂದು ಕೈ ಆಡಿಸಿದಳು. ಐವತ್ತೊಂದು ವರ್ಷದ ಹೆಂಗಸು ಬಿಸಿಲಲ್ಲಿ ಒಬ್ಬಳೇ ತಿರುವು ದಾಟುವ ತನಕ ಶಿವಬಸಮ್ಮ ನೋಡುತ್ತ ನಿಂತಿದ್ದಳು. ಸಂಜೆ ಐದರ ಬಸ್ಸಿಗೆ ತಿಪ್ಪಮ್ಮ ವಾಪಸ್ಸು ಬಂದಳು. ಕಾಲು ತೊಳೆದುಕೊಂಡಳು, ಒಂದು ಚೊಂಬು ನೀರು ಕುಡಿದಳು, ಸೀರೆ ಬದಲಿಸಿ ಒಲೆ ಹಚ್ಚಿದಳು. ಅಲ್ಲಿ ಏನಾಯಿತು, ಅವಳು ಏನು ಹೇಳಿದಳು, ಮುರುಗೇಶಪ್ಪ ಏನೆಂದರು, ಎಷ್ಟು ಹೊತ್ತು ಕೂತಿದ್ದರು, ಏನೂ ಹೇಳಲಿಲ್ಲ. ಶಿವಬಸಮ್ಮನ ನಾಲಿಗೆಯ ತುದಿಗೆ ಪ್ರಶ್ನೆ ಬಂದು ನಿಂತಿತ್ತು. ಕೇಳಲಿಲ್ಲ. ಒಂದು ಸಲ ಕೇಳಿ ಏನಾಯಿತೆಂದು ಅವಳಿಗೆ ಗೊತ್ತಿತ್ತು.

ಜುಲೈಯಲ್ಲಿ ಅವಳ ಮೌಖಿಕ ಪರೀಕ್ಷೆ ನಡೆಯಿತು. ಹೊರಗಿನಿಂದ ಬಂದ ಪರೀಕ್ಷಕರು ಆ ಕಥೆಯನ್ನು ಬಹಳ ಹೊಗಳಿ, “ಮುಂದೆ ಏನು ಬರೀತಾ ಇದೀರಿ?” ಎಂದು ಕೇಳಿದರು. ಏನೂ ಇಲ್ಲ ಎಂದಳು. ಉಗ್ರಪ್ಪ ಮೇಷ್ಟರು ಅವಳ ಮುಖ ನೋಡಿ ಕಣ್ಣು ತಗ್ಗಿಸಿದರು. ಹೊರಗೆ ಬಂದಾಗ, “ತಪ್ಪು ನಂದೂ ಐತೆ ಶಿವಬಸಮ್ಮಾರೆ. ಮನುಷ್ಯರನ್ನ ಕರ್ಕಂಡ್ ಬರ್ರಿ ಅಂದೆ. ಕೇಳಿ ಕರ್ಕಂಡ್ ಬರ್ರಿ ಅನ್ಲಿಲ್ಲ” ಎಂದರು. ಮೊದಲ ದರ್ಜೆಯಲ್ಲಿ ಪಾಸಾಯಿತು. ಎರಡು ವರ್ಷದ ಮೇಲೆ ಸೇರುವವರಿಲ್ಲದೆ ಆ ಕೋರ್ಸೇ ಮುಚ್ಚಿತು, ಮೇಷ್ಟರು ಬೇರೆ ಊರಿಗೆ ಹೋದರು.

ಪರೀಕ್ಷೆಯಾದ ಮುಂದಿನ ತಿಂಗಳು ಮಹಾಂತೇಶಪ್ಪ ಒಂದು ಮಧ್ಯಾಹ್ನ ಊಟ ಮಾಡಿದವನು ಮಂಡಿಗೆ ಹೊರಡದೆ ಕೂತ. ಹೆಂಡತಿಯ ಮುಂದೆ ಹಾಳೆ, ಪೆನ್ನು ಇಟ್ಟ.

“ಮುರುಗೇಶಪ್ಪಾರಿಗೆ ಒಂದು ಕಾಗದ ಬರಿ. ಹಿಂಗಾತು, ಗೊತ್ತಿಲ್ದೆ ಮಾಡಿದ್ದು, ತಪ್ಪಾತು ಅಂತ. ನಂಗೆ ಬರಿಯಾಕ್ ಬರಲ್ಲ. ನಿಂಗೆ ಬರ್ತೈತೆ.”

ಶಿವಬಸಮ್ಮ ಪೆನ್ನು ಮುಟ್ಟಲಿಲ್ಲ. “ಇದನ್ನ ನಾನು ಬರಿಯೋದು ಬೇಡ ರೀ. ನೀವೇ ಬರೀರಿ. ಎಷ್ಟು ಬರುತ್ತೋ ಅಷ್ಟು.”

ಅವನಿಗೆ ಸಿಟ್ಟು ಬಂತು. ಇಷ್ಟು ತಿಂಗಳು ಬರದೇ ಇದ್ದ ಸಿಟ್ಟು. “ಬೇಡದ್ದನ್ನೆಲ್ಲ ಬರೀತೀಯ, ಬೇಕಾದ್ದು ಬರಿ ಅಂದ್ರೆ ಆಗಲ್ವ?” ಎಂದು ಎದ್ದು ಹೋದ. ಮೂರು ದಿನ ಮಂಡಿಯಲ್ಲಿ ಕೂತು ಹರಿದು ಹಾಕಿ, ಕೊನೆಗೆ ಎರಡು ಸಾಲು ಬರೆದು ಅಂಚೆಗೆ ಹಾಕಿದನೆಂದು ಅವಳಿಗೆ ಆಮೇಲೆ ಗೊತ್ತಾಯಿತು. ಏನು ಬರೆದನೆಂದು ಅವನು ಹೇಳಲಿಲ್ಲ. ದಸರೆಯ ಹೊತ್ತಿಗೆ ಮೊಳಕಾಲ್ಮೂರಿನಿಂದ ಒಂದು ಬನ್ನಿಯ ಎಲೆ ಇಟ್ಟ ಲಕೋಟೆ ಬಂತು, ಜೊತೆಗೆ ಅಕ್ಷರವೊಂದೂ ಇರಲಿಲ್ಲ. ಮಹಾಂತೇಶಪ್ಪ ಅದನ್ನು ಬಹಳ ಹೊತ್ತು ಕೈಯಲ್ಲಿ ಹಿಡಿದುಕೊಂಡಿದ್ದ. ಗಂಡಸರಿಬ್ಬರ ನಡುವಿನದು ಹೀಗೆ ತೀರಿತು. ಹೆಂಗಸರಿಬ್ಬರ ನಡುವಿನದು ತೀರಲಿಲ್ಲ.

ಎರಡು ಸಾವಿರದ ಐದರಲ್ಲಿ ತಿಪ್ಪಮ್ಮನ ಕಣ್ಣಿಗೆ ಪೊರೆ ಬಂದು ಚಿತ್ರದುರ್ಗದಲ್ಲಿ ಆಪರೇಷನ್ ಆಯಿತು. ಕಣ್ಣಿಗೆ ಪಟ್ಟಿ ಕಟ್ಟಿದ್ದ ದಿನಗಳಲ್ಲಿ ಅವಳು ಹಿತ್ತಲಿಗೆ ಹೋಗುವಂತಿರಲಿಲ್ಲ. ಪಡಸಾಲೆಯಲ್ಲೇ ಒರಗಿ ಕೂರುತ್ತಿದ್ದಳು. ಶಿವಬಸಮ್ಮ ಊಟ ಮಾಡಿಸುತ್ತಿದ್ದಳು, ಔಷಧಿ ಹಾಕುತ್ತಿದ್ದಳು. ಎರಡನೇ ದಿನ ಮಧ್ಯಾಹ್ನ ಆ ಮೌನ ತಡೆಯಲಾರದೆ ತಾನೇ ಮಾತಾಡತೊಡಗಿದಳು. ಬೇರೆಯವರ ಸುದ್ದಿ ಹೇಳಲು ಅವಳ ಹತ್ತಿರ ಏನೂ ಉಳಿದಿರಲಿಲ್ಲ, ಯಾರೂ ಏನೂ ಹೇಳುತ್ತಿರಲಿಲ್ಲವಲ್ಲ. ಹಾಗಾಗಿ ತನ್ನದನ್ನೇ ಹೇಳಿದಳು. ಹಾಸ್ಟೆಲಿನಲ್ಲಿ ಪದ್ಯ ಓದಿ ಬಹುಮಾನ ಬಂದದ್ದು. ದೀಪಿಕಾ ಆದ ಮೇಲೆ ನಿಂತು, ಎರಡೇ ತಿಂಗಳಿಗೆ ಹೋದ ಇನ್ನೊಂದು ಬಸುರು. ಅದನ್ನು ಅತ್ತೆಗೂ ಹೇಳದೆ, ಗಂಡನಿಗೂ ಹೇಳದೆ ಬಟ್ಟೆ ಒಗೆಯುತ್ತ ಕೂತಿದ್ದ ದಿನ. ಈ ಮನೆಯಲ್ಲಿ ಮೊದಲ ವರ್ಷ ಅವಳಿಗೂ ಒಂದು ಬೆಳಿಗ್ಗೆ ಬಸ್ಸು ಹತ್ತಿಬಿಡಬೇಕು ಅನ್ನಿಸಿದ್ದು.

ತಿಪ್ಪಮ್ಮ ನಡುನಡುವೆ ಹ್ಞೂಂ ಅನ್ನುತ್ತಿದ್ದಳು. ಅಷ್ಟೇ. ನಾಲ್ಕು ಮಧ್ಯಾಹ್ನ ಹೀಗೆ ನಡೆಯಿತು. ಕೊನೆಯ ದಿನ ಶಿವಬಸಮ್ಮ ಸುಮ್ಮನಾದಾಗ ತಿಪ್ಪಮ್ಮ ಪಟ್ಟಿ ಕಟ್ಟಿದ ಮುಖವನ್ನು ಅವಳ ಕಡೆ ತಿರುಗಿಸಿ ಕೇಳಿದಳು:

“ಇದನ್ನೆಲ್ಲ ಯಾಕೆ ಬರೀಲಿಲ್ಲ ನೀನು?”



“ನಿಂದು ಬಿಟ್ಟು ನಂದು ಬರ್ದೆ,” ಅಂದಳು ತಿಪ್ಪಮ್ಮ. ಅದರಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಚೆನ್ನಾಗಿತ್ತೇನೋ. ಆಮೇಲೆ ಬಾಯಾರಿಕೆ ಎಂದು ನೀರು ಕೇಳಿದಳು.

ಪಟ್ಟಿ ಬಿಚ್ಚಿದ ಮೇಲೆ ಅವಳಿಗೆ ಕಣ್ಣು ನಿಚ್ಚಳವಾಯಿತು. ಮತ್ತೆ ಒಲೆಯ ಮುಂದೆ ಕೂತಳು. ಮತ್ತೆ ಉಪ್ಪು, ಹಾಲು, ಗ್ಯಾಸಿನವನು ಬಂದಿಲ್ಲ ಎಂಬಷ್ಟೇ ಮಾತು. ಶಿವಬಸಮ್ಮ ಈಗ ಮಧ್ಯಾಹ್ನ ಪಡಸಾಲೆಯಲ್ಲಿ ಒಬ್ಬಳೇ ಕೂತು ತನ್ನದನ್ನು ಬರೆಯುತ್ತಾಳೆ. ಬೀದಿಯಲ್ಲಿ ಹಮಾಲರು ಮೂಟೆ ಇಳಿಸುತ್ತ ಕೂಗುವುದು ಕೇಳುತ್ತಿರುತ್ತದೆ. ಒಂದು ಪುಟವೋ ಎರಡು ಪುಟವೋ ಆದ ಮೇಲೆ ಯಾರಿಗಾದರೂ ಓದಿ ಹೇಳಬೇಕು ಅನ್ನಿಸುತ್ತದೆ. ಹಿತ್ತಲ ಬಾಗಿಲ ಕಡೆ ನೋಡುತ್ತಾಳೆ. ಅಲ್ಲಿ ತಿಪ್ಪಮ್ಮ ಈ ಕಡೆ ಬೆನ್ನು ಮಾಡಿಕೊಂಡು, ಮೊರದಲ್ಲಿ ಕೈಯಾಡಿಸುತ್ತ ಕೂತಿರುತ್ತಾಳೆ.